ತಿಥಿ ನೋಡಿ ಕಡಲಿಗೆ

ವರ್ಷಕ್ಕೊಮ್ಮೆ ಮಕ್ಕಳುಮರಿಗಳೊಡನೆ ಸಮುದ್ರತೀರಕ್ಕೆ ಹೋಗಿಬರಬೇಕೆಂದು ಸಂಕಲ್ಪ ಮಾಡಿದ ಸಂಸಾರಕ್ಕೆ ಎರಡು ಪಂಚಾಂಗಗಳನ್ನು ಹೊಂದಿಸುವ ಕೆಲಸ ಬೀಳುತ್ತದೆ. ಒಂದು ಶಾಲೆಯದು, ಇನ್ನೊಂದು ಕಡಲಿನದು. ಮೊದಲನೆಯದು ತಾನಾಗಿಯೇ ಮನೆಗೆ ಬರುತ್ತದೆ. ಎರಡನೆಯದನ್ನು ಯಾರೂ ಕಳುಹಿಸಿಕೊಡುವುದಿಲ್ಲ, ಹುಡುಕಿ ಓದಿಕೊಳ್ಳಬೇಕು. ಓದದೆ ಹೊರಟವರು ಹಿಂತಿರುಗಿ ಬಂದು, "ದ್ವೀಪ ಅಂಥ ಚೆನ್ನಾಗಿಲ್ಲ, ಬರಿಯ ಮಳೆ, ಬರಿಯ ಕಲ್ಲು" ಎಂದು ನೆರೆಹೊರೆಯವರಿಗೆ ಹೇಳುವುದುಂಟು. ದ್ವೀಪದ ತಪ್ಪು ಅದರಲ್ಲಿ ಏನೂ ಇರುವುದಿಲ್ಲ.

ಬೆಂಗಳೂರಿನ ಕಡೆಯಿಂದ ಅಂಡಮಾನಿಗೆ ಹೋಗುವ ಸಂಸಾರಗಳು ಈಗ ಅಪರೂಪವಲ್ಲ. ಕಾಲಾಪಾನಿಯೆಂದರೆ ಹೋದವನು ಬಾರನೆಂದೇ ಅರ್ಥವಾಗಿದ್ದ ಕಾಲವೊಂದಿತ್ತು. ಇಂದು ಬೆಳಗಿನ ಕಾಫಿಯನ್ನು ಮನೆಯಲ್ಲಿ ಮುಗಿಸಿ ವಿಮಾನವೇರಿದವರು ಎರಡೂವರೆ ಗಂಟೆಯೊಳಗೆ ಅಲ್ಲಿ ಇಳಿಯುತ್ತಾರೆ. ಚೆನ್ನೈಯಿಂದ ಹೊರಡುವ ಹಡಗಿಗಾದರೆ ಸುಮಾರು ಮೂರು ದಿನ ಬೇಕು. ರಜೆಯೆಲ್ಲ ಹಡಗಿನಲ್ಲಿಯೇ ಕಳೆಯುವ ಮನಸ್ಸಿದ್ದವರಿಗೆ ಅದು ಸರಿ. ಹೊರಡುವ ಮೊದಲು ಊರುಗಳ ಹೆಸರನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀವಿಜಯಪುರವಾಯಿತು. ಹ್ಯಾವ್‌ಲಾಕ್ ಮತ್ತು ನೀಲ್ ಎಂಬ ದ್ವೀಪಗಳು, 1857ರ ದಂಗೆಯನ್ನು ಅಡಗಿಸಿದ ಇಬ್ಬರು ಆಂಗ್ಲ ಸೇನಾಧಿಕಾರಿಗಳ ಹೆಸರನ್ನು ಕಳಚಿ, 2018ರಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಾದವು. 1943ರಲ್ಲಿ ಸುಭಾಷ್‌ಚಂದ್ರ ಬೋಸರು ಅಂಡಮಾನಿಗೆ ಬಂದಾಗ ಇಡೀ ಅಂಡಮಾನಿಗೆ ಶಹೀದ್ ಎಂದೂ, ನಿಕೋಬಾರಿಗೆ ಸ್ವರಾಜ್ ಎಂದೂ ಹೆಸರಿಟ್ಟಿದ್ದರು. ಆ ದೊಡ್ಡ ಹೆಸರುಗಳು ಈಗ ಎರಡು ಪುಟ್ಟ ದ್ವೀಪಗಳ ಪಾಲಿಗೆ ಬಂದಿವೆ. ಜನರ ಬಾಯಲ್ಲಿ ಹಳೆಯ ಹೆಸರು ಇನ್ನೂ ಓಡಾಡುತ್ತಿರುವುದರಿಂದ ಎರಡೂ ಗೊತ್ತಿದ್ದರೆ ಗಲಿಬಿಲಿಯಿಲ್ಲ.

ಮೊದಲು ಋತುವಿನ ವಿಚಾರ. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಜೂನ್ ಮೊದಲಿಗೆ ಕೇರಳಕ್ಕೆ ಬರುವ ಮುಂಗಾರು ಅಂಡಮಾನಿನ ಕಡಲಿಗೆ ಮೇ ತಿಂಗಳ ಮೂರನೆಯ ವಾರದ ಹೊತ್ತಿಗೇ ಬಂದು ನಿಂತಿರುತ್ತದೆ. ಅದು ಹಿಂದೆಗೆಯುವಷ್ಟರಲ್ಲಿ ಈಶಾನ್ಯದ ಹಿಂಗಾರು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. ಹೀಗಾಗಿ ದಸರೆಯ ರಜೆಯಲ್ಲಿ ಹೋಗುವ ಯೋಚನೆಯನ್ನು ಬಿಡುವುದೇ ಲೇಸು. ಕ್ರಿಸ್‌ಮಸ್ಸಿನ ಹೊತ್ತಿಗೆ ಹವೆ ಹಿತವಾಗುತ್ತದೆ, ಆದರೆ ಆಗ ಜನಸಂದಣಿ; ಕೋಣೆಯ ಬಾಡಿಗೆಯೂ ವಿಮಾನದ ದರವೂ ಮಧ್ಯಮವರ್ಗದವರ ಎದೆ ನಡುಗಿಸುವಷ್ಟು ಏರಿರುತ್ತವೆ. ಜನವರಿಯಿಂದ ಮಾರ್ಚಿಯವರೆಗೆ ಕಡಲು ಕನ್ನಡಿಯಂತಿರುವುದು ನಿಜ. ಮಕ್ಕಳು ಪರೀಕ್ಷೆಗೆ ಓದಬೇಕಾದದ್ದೂ ಆ ತಿಂಗಳುಗಳಲ್ಲಿಯೇ! ಕೊನೆಗೆ ಉಳಿಯುವುದು ಏಪ್ರಿಲ್. ಪರೀಕ್ಷೆ ಮುಗಿದ ವಾರವೇ ಹೊರಟರೆ ಮಳೆಗೂ ಸಿಕ್ಕುವುದಿಲ್ಲ, ಕಡಲೂ ಶಾಂತವಾಗಿರುತ್ತದೆ.

ಏಪ್ರಿಲಿಗೂ ಅದರದೇ ಕಷ್ಟಗಳುಂಟು. ಸೆಕೆ ಮಂಗಳೂರಿನದನ್ನು ನೆನಪಿಗೆ ತರುತ್ತದೆ. ಬೇಸಗೆಯ ಕೊನೆಗೆ ದ್ವೀಪಗಳಲ್ಲಿ ಸಿಹಿನೀರು ಕಡಮೆಯಾಗುವುದರಿಂದ ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುವ ಅಭ್ಯಾಸವನ್ನು ಮಕ್ಕಳಿಗೆ ಮನೆಯಲ್ಲಿಯೇ ಮಾಡಿಸಿರಬೇಕು. ಕಡಲ ನೀರು ಅತಿಯಾಗಿ ಕಾಯುವುದೂ ಬೇಸಗೆಯ ಈ ಕೊನೆಯಲ್ಲಿಯೇ. 2010ರಲ್ಲಿಯೂ 2016ರಲ್ಲಿಯೂ ಅಂಡಮಾನಿನ ಹವಳಗಳು ಈ ಬಿಸಿಗೆ ಬಣ್ಣಗೆಟ್ಟು ಬಿಳಿಚಿಕೊಂಡವು. ಬಣ್ಣಬಣ್ಣದ ಚಿತ್ರಗಳನ್ನು ನೋಡಿ ಹೋದವರಿಗೆ ಅಲ್ಲಿನ ಹವಳವೆಲ್ಲ ಅಂತೆಯೇ ಕಾಣಬೇಕೆಂದಿಲ್ಲ. ಮೀನುಗಳಂತೂ ನಿರಾಶೆಗೊಳಿಸುವುದಿಲ್ಲ.

ತಿಂಗಳು ಗೊತ್ತಾದ ಮೇಲೆ ದಿನ. ಇಲ್ಲಿಯೇ ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗ ಉಪಯೋಗಕ್ಕೆ ಬರುವುದು. ಪ್ರಯಾಣದ ಮುಹೂರ್ತಕ್ಕಾಗಿ ಅಜ್ಜಿ ಅದನ್ನು ಹೇಗೂ ತೆರೆಯುತ್ತಾರೆ. ಮಗನಾದವನು ಅದೇ ಪುಟದಲ್ಲಿ ಕಡಲನ್ನೂ ಓದಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು; ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸಣ್ಣವು. ಅಂಡಮಾನಿನ ತೀರದಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಎರಡು ಮೀಟರ್ ಅಂತರ, ಎಂದರೆ ಒಬ್ಬ ಆಳಿಗಿಂತ ಹೆಚ್ಚು. ಉಬ್ಬರದ ಗಳಿಗೆ ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಹಿಂದೆ ಸರಿಯುತ್ತ ಹೋಗಿ, ಹದಿನೈದು ದಿನಗಳಲ್ಲಿ ಮತ್ತೆ ಮೊದಲಿನ ಹೊತ್ತಿಗೇ ಬರುತ್ತದೆ. ಆದ್ದರಿಂದ ಒಂದು ಊರಿನಲ್ಲಿ ಅಮಾವಾಸ್ಯೆಯ ದಿನ ನೀರೇರುವ ಹೊತ್ತು ಯಾವುದೋ, ಹೆಚ್ಚುಕಡಮೆ ಹುಣ್ಣಿಮೆಯ ದಿನವೂ ಅದೇ. ಅಲ್ಲಿನ ನಿಖರವಾದ ಗಳಿಗೆಗಳನ್ನು ಭಾರತೀಯ ಸರ್ವೇಕ್ಷಣ ಇಲಾಖೆಯವರು ವರ್ಷವರ್ಷವೂ ಮುಂಗಡವಾಗಿ ಲೆಕ್ಕಹಾಕಿ ಪ್ರಕಟಿಸುತ್ತಾರೆ.

ಈ ಲೆಕ್ಕವೆಲ್ಲ ಏತಕ್ಕೆ? ಸ್ವರಾಜ್ ದ್ವೀಪದ ಪೂರ್ವದ ಅಂಚಿನಲ್ಲಿ, ಗೋವಿಂದನಗರ, ವಿಜಯನಗರಗಳ ಕಡೆ, ತೀರಕ್ಕೆ ಅಂಟಿಕೊಂಡಂತೆ ವಸತಿಗೃಹಗಳಿವೆ. ಉಬ್ಬರದಲ್ಲಿ ನೀರು ಮರದ ಬುಡಕ್ಕೇ ಬರುತ್ತದೆ. ದೊಡ್ಡ ಇಳಿತದಲ್ಲಾದರೋ ಕಡಲು ಬಹುದೂರ ಹಿಂದೆ ಸರಿದು, ಚೂಪಾದ ಕಲ್ಲೂ ಸತ್ತ ಹವಳವೂ ಮೇಲೆದ್ದು ನಿಲ್ಲುತ್ತವೆ. ಆ ಹೊತ್ತಿನಲ್ಲಿ ಈಜುವ ಉಡುಪು ತೊಟ್ಟು ಬಂದ ಮಕ್ಕಳ ಮುಖ ನೋಡಲಾಗುವುದಿಲ್ಲ. ಅದೇ ಇಳಿತವು ಶಹೀದ್ ದ್ವೀಪದಲ್ಲಿ ವರವಾಗುತ್ತದೆ. ಅಲ್ಲಿ ಲಕ್ಷ್ಮಣಪುರದ ತೀರದಲ್ಲಿ ಕಲ್ಲಿನ ಸಹಜ ಸೇತುವೆಯೊಂದಿದೆ. ನೀರಿಳಿದಾಗ ಅದರ ಕೆಳಗೆ ನಡೆದುಹೋಗಬಹುದು, ಬಂಡೆಗಳ ನಡುವಿನ ಗುಂಡಿಗಳಲ್ಲಿ ಉಳಿದ ಪುಟ್ಟ ಮೀನುಗಳನ್ನೂ ಕಡಲಸೌತೆಗಳನ್ನೂ ಗಂಟೆಗಟ್ಟಲೆ ನೋಡಬಹುದು. ಅಮಾವಾಸ್ಯೆಗೆ ಇನ್ನೊಂದು ಹೆಚ್ಚುಗಾರಿಕೆ: ಕತ್ತಲೆ ದಟ್ಟವಾದ ರಾತ್ರಿ, ಅದೃಷ್ಟವಿದ್ದರೆ, ನೀರಿಗೆ ಕೈಯಾಡಿಸಿದಾಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ನೀಲಿಯಾಗಿ ಮಿನುಗುತ್ತವೆ. ಬೆಳದಿಂಗಳಿನಲ್ಲಿ ಆ ಮಿಣುಕು ಅಡಗಿಹೋಗುತ್ತದೆ. ಬೆಳದಿಂಗಳೋ ಮಿಣುಕೋ ಎಂಬುದನ್ನು ಆಯಾ ಸಂಸಾರವೇ ಆರಿಸಿಕೊಳ್ಳಬೇಕು. ವರ್ಷವರ್ಷವೂ ಹೋಗುವವರು ಒಂದೊಂದು ಸಲ ಒಂದೊಂದನ್ನು ನೋಡುತ್ತಾರೆ.

ಗಡಿಯಾರದ ವಿಷಯದಲ್ಲಿಯೂ ಒಂದು ಮಾತುಂಟು. ಅಂಡಮಾನ್ ಬೆಂಗಳೂರಿನಿಂದ ಸುಮಾರು ಹದಿನೈದು ರೇಖಾಂಶ ಪೂರ್ವಕ್ಕಿದೆ. ಮುಳ್ಳು ತೋರಿಸುವುದು ಒಂದೇ ಹೊತ್ತನ್ನಾದರೂ ಅಲ್ಲಿನ ಸೂರ್ಯ ಒಂದು ಗಂಟೆ ಮುಂದೆ ಓಡುತ್ತಿರುತ್ತಾನೆ. ಏಪ್ರಿಲಿನಲ್ಲಿ ಐದು ಗಂಟೆಯ ಸುಮಾರಿಗೆ ಬೆಳಗಾಗುತ್ತದೆ. ಸಂಜೆ ಐದೂವರೆಯ ಹೊತ್ತಿಗೆ ಮುಳುಗಿಯೂ ಆಯಿತು. ಮನೆಯಲ್ಲಿ ಏಳುವಂತೆ ಏಳು ಗಂಟೆಗೆ ಎದ್ದು, ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಟವರು ದಿನದ ಒಳ್ಳೆಯ ಭಾಗವನ್ನೆಲ್ಲ ಕಳೆದುಕೊಂಡು ಉರಿಬಿಸಿಲನ್ನು ಮಾತ್ರ ಪಡೆಯುತ್ತಾರೆ. ಐದಕ್ಕೇ ಎದ್ದು ನೀರಿಗಿಳಿದು, ಎಂಟೂವರೆಗೆ ಬಂದು ತಿಂಡಿ ತಿಂದು, ಮಧ್ಯಾಹ್ನವೆಲ್ಲ ಮಲಗಿ, ಮೂರೂವರೆಗೆ ಮತ್ತೆ ಹೊರಡುವುದು ದ್ವೀಪದ ಕ್ರಮ. ಅಜ್ಜಿಗೆ ಈ ಕ್ರಮ ಹೊಸತಲ್ಲ, ಕಷ್ಟವಾಗುವುದು ಮೊಮ್ಮಕ್ಕಳಿಗೆ.

ಎಷ್ಟು ದಿನ, ಎಷ್ಟು ದ್ವೀಪ? ಪ್ರವಾಸ ಏರ್ಪಡಿಸುವ ಕಚೇರಿಗಳು ಐದು ದಿನದಲ್ಲಿ ಹನ್ನೆರಡು ಸ್ಥಳಗಳ ಪಟ್ಟಿಯನ್ನು ಕೈಗೆ ಕೊಡುತ್ತವೆ. ಆ ಪಟ್ಟಿಯಂತೆ ನಡೆದವರು ನೋಡುವುದು ಬಹುಮಟ್ಟಿಗೆ ಜಟ್ಟಿಗಳನ್ನು. ಆರು ರಾತ್ರಿಗಳಿದ್ದರೆ ಸ್ವರಾಜ್ ದ್ವೀಪಕ್ಕೆ ಮೂರು, ಶಹೀದ್ ದ್ವೀಪಕ್ಕೆ ಎರಡು, ಊರಿಗೆ ಒಂದು ಸಾಕು. ಸ್ವರಾಜ್ ದ್ವೀಪದ ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿ ಕಲ್ಲಿನ ಕಾಟವಿಲ್ಲ. ಉಬ್ಬರವಿರಲಿ ಇಳಿತವಿರಲಿ, ಮೆತ್ತನೆಯ ಮರಳಿನ ಮೇಲೆ ನಡೆದು ನೀರಿಗಿಳಿಯಬಹುದು. 2004ರಲ್ಲಿ 'ಟೈಮ್' ಪತ್ರಿಕೆ ಅದನ್ನು ಏಷ್ಯದ ಅತ್ಯುತ್ತಮ ತೀರವೆಂದು ಹೊಗಳಿದ ಮೇಲೆ ಅದರ ಹೆಸರು ಎಲ್ಲೆಡೆಗೂ ಹಬ್ಬಿತು. ಆದರೂ ಕಾವಲುಗಾರರು ತೋರಿಸಿದ ಎಲ್ಲೆಯನ್ನು ಮೀರಬಾರದು. ಅದರ ಪಕ್ಕದ ಕೊಲ್ಲಿಯಲ್ಲಿಯೇ 2010ರಲ್ಲಿ ವಿದೇಶೀ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ಹಳ್ಳವು ಕಡಲನ್ನು ಸೇರುವ ಜಾಗಗಳಿಂದ ಮಕ್ಕಳನ್ನು ದೂರವಿಡಬೇಕು.

ಈ ದ್ವೀಪಗಳ ಹಳ್ಳಿಗಳನ್ನು ಕಟ್ಟಿದವರು ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ಸಂಸಾರಗಳು. ರಾಧಾನಗರ, ಕೃಷ್ಣನಗರ, ಶ್ಯಾಮನಗರ ಎಂದು ಒಂದು ದ್ವೀಪದಲ್ಲಿ. ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ ಎಂದು ಇನ್ನೊಂದರಲ್ಲಿ. ಎಲ್ಲವನ್ನೂ ಬಿಟ್ಟು ಬಂದವರು ಕಾಡಿನ ನಡುವೆ ಮೊದಲು ಮಾಡಿಕೊಂಡದ್ದು ಮನೆಯವರಂಥ ಈ ಹೆಸರುಗಳನ್ನು. ಶಹೀದ್ ದ್ವೀಪದಲ್ಲಿ ಬೆಳೆದ ತರಕಾರಿ ಸುತ್ತಲ ದ್ವೀಪಗಳಿಗೆಲ್ಲ ಹೋಗುತ್ತದೆ. ಸಸ್ಯಾಹಾರಿಗಳು ಅಲ್ಲಿ ಊಟಕ್ಕೆ ಕಷ್ಟಪಡಬೇಕಾಗಿಲ್ಲ.

ಊಟದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಪುಳಿಯೋಗರೆಯ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಒಂದು ಪುಟ್ಟ ಒಲೆ ಎಂದು ಅರ್ಧ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗುವ ಸಂಸಾರಗಳಿವೆ. ಖರ್ಚು ಉಳಿಯುವುದು ನಿಜ. ಆದರೆ ಮನೆಯಾಕೆ ದ್ವೀಪಕ್ಕೆ ಹೋಗಿಯೂ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಒದ್ದೆಬಟ್ಟೆ, ರಾತ್ರಿ ಅನ್ನ ಎಂದು ದುಡಿದರೆ ಆಕೆಗೆ ರಜೆ ಬಂದಂತಾಗಲಿಲ್ಲ. ಅಡುಗೆಮನೆಗೆ ಮಾತ್ರ ಸಮುದ್ರದ ಗಾಳಿ ಬಂದಂತಾಯಿತು. ಒಂದು ದ್ವೀಪ ಕಡಮೆ ನೋಡಿ ಆ ಹಣದಲ್ಲಿ ಎಲ್ಲರೂ ಹೊರಗೆ ಊಟ ಮಾಡುವುದು ಉತ್ತಮ. ಚಟ್ನಿಪುಡಿಯೊಂದಕ್ಕೆ ವಿನಾಯಿತಿ ಕೊಡಬಹುದು.

ಪಟ್ಟಿಯಿಂದ ಒಂದನ್ನು ಹೊಡೆದುಹಾಕಬೇಕು. ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವ ಹೆದ್ದಾರಿ ಜಾರವಾ ಜನರ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಆ ಭಾಗವನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಿದ್ದರೂ ಬೆಂಗಾವಲಿನೊಡನೆ ವಾಹನಗಳು ಓಡಾಡುತ್ತಲೇ ಇವೆ. ಅವರ ಚಿತ್ರ ತೆಗೆಯುವುದು ಶಿಕ್ಷಾರ್ಹ. ಗುಹೆಯ ನೆಪದಲ್ಲಿ ಮನುಷ್ಯರನ್ನು ಕಿಟಕಿಯಿಂದ ನೋಡಲು ಮಕ್ಕಳಿಗೆ ಕಲಿಸಬೇಕಾಗಿಲ್ಲ.

ಮರಳಿನ ಮೇಲಿನ ಚಿಪ್ಪುಗಳನ್ನು ಜೇಬಿಗೆ ತುಂಬಿಕೊಳ್ಳುವುದು ಮಕ್ಕಳ ಸ್ವಭಾವ. ಹವಳದ ಚೂರನ್ನು, ಅದು ಸತ್ತದ್ದೇ ಆಗಿರಲಿ, ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಹಲವು ಬಗೆಯ ಶಂಖ ಚಿಪ್ಪುಗಳಿಗೂ ಅದೇ ರಕ್ಷಣೆಯುಂಟು. ವಿಮಾನನಿಲ್ದಾಣದಲ್ಲಿ ಚೀಲ ಬಿಚ್ಚಿಸಿ ನೋಡುತ್ತಾರೆ. ಆದರೆ ಕಾಯಿದೆಯ ಭಯಕ್ಕಿಂತ ಒಂದು ಸಂಜೆಯ ನೋಟ ಮಕ್ಕಳಿಗೆ ಹೆಚ್ಚು ತಿಳಿಸುತ್ತದೆ. ನೆರಳಿರುವ ತೀರದಲ್ಲಿ ಹತ್ತು ನಿಮಿಷ ಅಲುಗಾಡದೆ ಕುಳಿತರೆ, ಸತ್ತದ್ದೆಂದುಕೊಂಡ ಚಿಪ್ಪುಗಳಿಗೆ ಒಂದೊಂದಾಗಿ ಕಾಲು ಮೂಡಿ ನಡೆಯತೊಡಗುತ್ತವೆ. ಪರರ ಚಿಪ್ಪನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಗಳು ಅವು. ಮೈ ಬೆಳೆದಂತೆ ಹಳೆಯದನ್ನು ಬಿಟ್ಟು ದೊಡ್ಡದನ್ನು ಹುಡುಕಬೇಕು. ತೀರದಲ್ಲಿ ಖಾಲಿ ಚಿಪ್ಪಿಲ್ಲದಿದ್ದರೆ ಅವಕ್ಕೆ ಮನೆಯಿಲ್ಲ. ಬಾಡಿಗೆಮನೆ ಬದಲಿಸಿದ ಅನುಭವವುಳ್ಳ ಸಂಸಾರಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಹಡಗಿನ ಲೆಕ್ಕ. ಊರಿನಿಂದ ಸ್ವರಾಜ್ ದ್ವೀಪಕ್ಕೆ ಸುಮಾರು ನಲವತ್ತು ಕಿಲೋಮೀಟರ್. ವೇಗದ ನಾವೆಗೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ, ಸರ್ಕಾರಿ ಹಡಗಿಗೆ ಇನ್ನೂ ಸ್ವಲ್ಪ ಹೆಚ್ಚು. ಹೊಟ್ಟೆ ತೊಳಸುವವರು ನಾವೆಯ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕುಳಿತರೆ ಅಲುಗಾಟ ಕಡಮೆ. ಆದರೆ ಗಾಳಿ ಎದ್ದಿತೆಂದರೆ ಯಾವ ಹಡಗೂ ಹೊರಡದು. 2016ರ ಡಿಸೆಂಬರಿನಲ್ಲಿ ಹೀಗೆಯೇ ಆಯಿತು. ಮುಂದೆ ವಾರ್ದಾ ಎಂಬ ಚಂಡಮಾರುತವಾದ ವಾಯುಭಾರ ಕುಸಿತ ಅಲ್ಲಿ ನಿಂತು, ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಎರಡು ದ್ವೀಪಗಳಲ್ಲಿ ಸಿಕ್ಕಿಬಿದ್ದರು. ನೌಕಾಪಡೆಯವರು ಹೋಗಿ ಕರೆತರಬೇಕಾಯಿತು. ಏಪ್ರಿಲಿನಲ್ಲಿ ಅಂಥದು ಅಪರೂಪ, ಆದರೂ ಕೊನೆಯ ರಾತ್ರಿಯನ್ನು ಹೊರದ್ವೀಪದಲ್ಲಿ ಕಳೆದು, ಬೆಳಗಿನ ಹಡಗಿನಿಂದಿಳಿದು ಮಧ್ಯಾಹ್ನದ ವಿಮಾನ ಹಿಡಿಯುವ ಯೋಜನೆ ಹಾಕಬಾರದು. ಒಂದು ಹಡಗು ತಪ್ಪಿದರೆ ಇಡೀ ಸಂಸಾರದ ವಿಮಾನದ ಹಣ ನೀರಿನಲ್ಲಿ ಹೋಮವಾಗುತ್ತದೆ.

ಆ ಕೊನೆಯ ದಿನ ಊರಿನಲ್ಲಿ ವ್ಯರ್ಥವಾಗುವುದೂ ಇಲ್ಲ. 1896ರಲ್ಲಿ ಕಟ್ಟಲಾರಂಭಿಸಿ 1906ರಲ್ಲಿ ಮುಗಿಸಿದ ಸೆಲ್ಯುಲಾರ್ ಜೈಲು ಅಲ್ಲಿದೆ. ಏಳು ಕೈಗಳಲ್ಲಿ ಮೂರು ಉಳಿದಿವೆ. 693 ಕೋಣೆಗಳು ಅದಕ್ಕಿದ್ದವು. ಒಂದು ಕೈಯ ಕೋಣೆಯವನಿಗೆ ಇನ್ನೊಂದು ಕೈಯವನ ಮುಖ ಕಾಣದಂತೆ ಕಟ್ಟಿಸಿದ್ದರು. ಮಧ್ಯದ ಗೋಪುರವನ್ನೇರಿದರೆ ಕಡಲು ತುಂಬ ಹತ್ತಿರದಲ್ಲಿ ಕಾಣುತ್ತದೆ, ಐದು ದಿನ ಮಕ್ಕಳು ಆಡಿದ ಅದೇ ಹಸುರುನೀಲಿ ನೀರು. ಕೋಣೆಯೊಳಗಿನಿಂದ ಎತ್ತರದ ಸಣ್ಣ ಕಿಂಡಿಯೊಂದೇ. ಅಜ್ಜಿಗೆ ಮೆಟ್ಟಿಲು ಏರಲಾಗದಿದ್ದರೆ ಅಂಗಳದ ಅರಳಿಮರದ ನೆರಳುಂಟು. ಕತ್ತಲಾಗುವ ಮೊದಲು ಹೋಗಿ ನೋಡಿಬಂದು, ಒದ್ದೆಬಟ್ಟೆಗಳನ್ನು ಬೇರೆ ಚೀಲಕ್ಕೆ ಹಾಕಿ, ಮಕ್ಕಳ ಜೇಬುಗಳನ್ನು ಇನ್ನೊಮ್ಮೆ ತಡವಿ ನೋಡಿ ಮಲಗಿದರೆ ಬೆಳಗಿನ ವಿಮಾನಕ್ಕೆ ಗಡಿಬಿಡಿಯಿರುವುದಿಲ್ಲ.