ಗುಂಡಿ ತಿರುಗಿಸಿದ ಮನೆಯಲ್ಲೇ

ಮಳವಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ರೇಡಿಯೊದ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದರು. ಒಂಚೂರು ಹೆಚ್ಚಾದರೂ ರೇಡಿಯೊ ಸಿಲೋನ್ ಕೈತಪ್ಪಿ ಬರೀ ಗೊರಗೊರ.

ನಿನ್ನೆ ರಾತ್ರಿ ಅದೇ ಮನೆಯಲ್ಲಿ ಲ್ಯಾಪ್‌ಟಾಪ್‌ಗೆ ಬೆರಳುದ್ದದ ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ ರೇಡಿಯೊ) ಡಾಂಗಲ್ ಸಿಕ್ಕಿಸಿ, ಹಿತ್ತಲ ತೆಂಗಿನ ಮರಕ್ಕೆ ತಂತಿ ಎಳೆದು, ತಂತ್ರಾಂಶ ತೆರೆದೆ. ಶಾರ್ಟ್‌ವೇವ್‌ನ 31 ಮೀಟರ್ ಬ್ಯಾಂಡ್ ಇಡಿಯಾಗಿ ಕಣ್ಣೆದುರು! ಒಂದೊಂದು ನಿಲಯವೂ ಒಂದೊಂದು ಬೆಳಕಿನ ಗೆರೆ. ಗೆರೆಯ ಮೇಲೆ ಮೌಸ್ ಒತ್ತಿದರೆ ದನಿ. ಗದ್ದಲವೂ ಕಾಣುತ್ತದೆ: ಎಲ್‌ಇಡಿ ಬಲ್ಬು, ಚಾರ್ಜರ್ ಆರಿಸುತ್ತ ಬಂದಂತೆ ತೆರೆಯ ಮಬ್ಬು ತಿಳಿಯಾಯಿತು.

ಪಕ್ಕದ ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. ದನಿ ಬಿತ್ತಲು ಅವರಿಗೆ ಮನೆಯೊಂದು ಸಾಕಾಯಿತು. ಕೇಳಲು ನಮಗೂ ಮನೆ ಸಾಕು.

ಎಸ್‌ಡಿಆರ್‌ನ ಎಷ್ಟೋ ತಂತ್ರಾಂಶಗಳು ಉಚಿತ. ಮಂಡ್ಯ, ಮದ್ದೂರಿನ ಶಾಲೆಗಳಲ್ಲಿ ಮಕ್ಕಳ ಕೈಗೆ ಈ ಡಾಂಗಲ್, ತಂತ್ರಾಂಶ ಸಿಗಬೇಕು. ಶಾರ್ಟ್‌ವೇವ್ ಅಲೆಗಳನ್ನು ಭೂಮಿಗೆ ಮರಳಿಸುವ ಅಯಾನುಗೋಳವನ್ನು ಪಾಠದಲ್ಲಿ ಓದಿದರಷ್ಟೇ ಸಾಲದು. ಹೊತ್ತು ಮುಳುಗಿದ ಮೇಲೆ ದೂರದೇಶದ ಗೆರೆಗಳು ಒಂದೊಂದಾಗಿ ಮೂಡುವುದನ್ನು ಅವರು ಕಣ್ಣಾರೆ ನೋಡಲಿ.