ಕೆಟ್ಟ ವಿಸಿಆರ್‌ನಿಂದ ಬಂದ ಹುಡುಗಿ

ಬ್ರೇಕಪ್ ಆದ ರಾತ್ರಿ ನೀವು ಯಾರಿಗೆ ಫೋನ್ ಮಾಡ್ತೀರಿ? ಆ ಫ್ರೆಂಡನ್ನ ನೆನಪಿಟ್ಕೊಂಡು ಇದನ್ನ ಓದಿ.

ಮಸಕಾಜು ಕತ್ಸುರಾ ಅವರ 'ವಿಡಿಯೋ ಗರ್ಲ್ ಐ' 1989ರಿಂದ 1992ರವರೆಗೆ ಜಪಾನಿನ ಹುಡುಗರ ಪತ್ರಿಕೆ 'ವೀಕ್ಲಿ ಶೋನೆನ್ ಜಂಪ್'ನಲ್ಲಿ ಬಂದ ಮಾಂಗಾ. ಯೋಟಾ ಇಷ್ಟಪಟ್ಟ ಮೊಯೆಮಿಗೆ ಅವನ ಗೆಳೆಯನ ಮೇಲೇ ಮನಸ್ಸು. ನೊಂದ ಯೋಟಾ ಒಂದು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ತರ್ತಾನೆ. ಹಾಕಿದ್ರೆ, ಟಿವಿಯೊಳಗಿಂದ ಐ ಅನ್ನೋ ಹುಡುಗಿಯೇ ಹೊರಗೆ ಬರ್ತಾಳೆ! ಅವನಿಗೆ ಸಮಾಧಾನ ಹೇಳೋದಷ್ಟೇ ಅವಳ ಕೆಲಸ. ಪ್ರೀತಿಸೋ ಹಾಗಿಲ್ಲ. ಆದ್ರೆ ಅವನ ವಿಸಿಆರ್ ಕೆಟ್ಟಿತ್ತು. ಹಾಗಾಗಿ ಅವಳ ಮಾತು ಒರಟು, ಅಡುಗೆ ಅಧ್ವಾನ. ಜೊತೆಗೆ ಅವಳಿಗೊಂದು ಮನಸ್ಸೂ ಬಂದುಬಿಟ್ಟಿದೆ. ಅವಳೂ ನೋಯ್ತಾಳೆ.

ಓದ್ತಾ ಓದ್ತಾ ನನಗೆ ನಾಚಿಕೆ ಆಯ್ತು. ಪಿಯುಸಿಯ ಎರಡು ವರ್ಷ ನನ್ನ ಗೋಳನ್ನೆಲ್ಲ ಕೇಳಿದ ಗೆಳತಿಗೆ 'ನೀನು ಹೇಗಿದ್ದೀಯೇ?' ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಬೇಕಾದಾಗ ಹಾಕಿ, ಸಾಕಾದಾಗ ನಿಲ್ಲಿಸೋ ಕ್ಯಾಸೆಟ್ ಥರ ಅವಳನ್ನ ಇಟ್ಕೊಂಡಿದ್ದೆ. ಮೊನ್ನೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದು ಗಂಟೆ ಅವಳೇ ಮಾತಾಡಿದಳು, ನಾನು ಕೇಳಿಸಿಕೊಂಡೆ.

ಶುರುವಲ್ಲಿ ನೆನಪಿಸಿಕೊಂಡ್ರಲ್ಲ, ಆ ಫ್ರೆಂಡ್ ಹೇಗಿದ್ದಾರೆ ಅಂತ ನಿಮಗೆ ಗೊತ್ತಾ?