ಬದುವಿನಾಚೆ ಹಾಸನ

ಚಿಕ್ಕನಾಯಕನಹಳ್ಳಿಯಿಂದ ಕಿಬ್ಬನಹಳ್ಳಿ ಕ್ರಾಸು, ಅಲ್ಲಿಂದ ತುರುವೇಕೆರೆ, ಗಂಗಾಧರೇಶ್ವರ ಗುಡಿಯ ಮುಂದಿನ ಮಿರಿಮಿರಿ ನಂದಿ, ಮತ್ತೆ ಬಸ್ಸು, ತಿಪಟೂರು. ದಾರಿಯುದ್ದಕ್ಕೂ ತೆಂಗಿದ್ದರೂ ಎಳನೀರಿಗೆ ಹುಡುಕಾಡಬೇಕಾಯಿತು. ಸಿಕ್ಕಲ್ಲಿ ಬೆಂಗಳೂರಿನ ಬೆಲೆಯನ್ನೇ ಕೇಳಿದರು. ಕಾಯಿ ಬಲಿಯಲು ಬಿಟ್ಟು ಕೊಬ್ಬರಿ ಮಾಡುವ ಸೀಮೆ ಇದು. ಎಳನೀರಿನ ಸಂತೆಗೆ ಮದ್ದೂರಿಗೇ ಹೋಗಬೇಕು.

ನಾನು ಹೇಳಬೇಕಾದದ್ದು ಹೊನ್ನವಳ್ಳಿ ಕಡೆಯ ಒಂದು ತೋಟದ ವಿಷಯ. ಪರಿಚಯದವರೊಬ್ಬರು ಕಳಿಸಿದ್ದರು. ಯಜಮಾನರ ಮನೆ ತಿಪಟೂರು ತಾಲ್ಲೂಕಿನಲ್ಲಿದೆ, ತೋಟದ ಒಂದು ಪಾಲು ಅರಸೀಕೆರೆ ತಾಲ್ಲೂಕಿಗೆ ಸೇರುತ್ತದೆ. ಹಾಗಾಗಿ ಪಹಣಿ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಜಿಲ್ಲೆ ಬದಲಾಗುವಲ್ಲಿ ಕಲ್ಲು, ಬೋರ್ಡು ಏನೂ ಇಲ್ಲ. ಮೊಣಕಾಲೆತ್ತರದ ಒಂದು ಬದು, ಅದರ ಮೇಲೆ ಒಂದು ಹಳೇ ಮರ.

"ಈ ಮರದ ಕಾಯಿ ಆಚೆ ಬಿದ್ರೆ ಯಾರಿಗೆ?" ಎಂದೆ.

"ಕಾಯಿ ಅವರ ಹುಡುಗ್ರೇ ತಂದು ಹಾಕ್ತಾರೆ ಸ್ವಾಮಿ. ಗರಿ ಬಿದ್ರೆ ಅವರ ಒಲೆಗೆ. ಮಗಳನ್ನ ಕೊಟ್ಟಿರೋದೂ ಆ ಕಡೇನೆ."

ಮಧ್ಯಾಹ್ನ ಒತ್ತುಶಾವಿಗೆ, ಕಾಯಿಹಾಲು. ಬೆಲ್ಲ, ಏಲಕ್ಕಿ, ಗಸಗಸೆ ಹದವಾಗಿದ್ದ ಆ ಹಾಲನ್ನು ಮನೆಯ ಅಮ್ಮ ಮೂರನೇ ಸಲ ಸುರಿದಾಗಲೂ ನಾನು ಬೇಡ ಎನ್ನಲಿಲ್ಲ. ತಲೆಯ ಮೇಲಿನ ಅಟ್ಟದಲ್ಲಿ ಹೆಚ್ಚುಕಡಿಮೆ ವರ್ಷದಿಂದ ಕಾಯಿ ಒಣಗುತ್ತಿತ್ತು. ಒಂದನ್ನು ಇಳಿಸಿ ಯಜಮಾನರು ನನ್ನ ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಎನ್ನುತ್ತಿತ್ತು. ಉಂಡೆ ಕೊಬ್ಬರಿ ಆಗುವುದು ಹೀಗೆ. ಅವಸರ ಮಾಡಿದರೆ ಕೆಡುತ್ತದೆ.

ಜಗಳವೇ ಇಲ್ಲವೇ ಎಂದು ಕೇಳಿದೆ. "ಯಾಕಿಲ್ಲ, ನೀರಿಗೆ ಇದ್ದೇ ಇದೆ," ಎಂದರು. ಹೇಮಾವತಿಯ ಅಣೆಕಟ್ಟು ಹಾಸನ ಜಿಲ್ಲೆಯ ಗೊರೂರಿನಲ್ಲಿದೆ. 37 ಟಿಎಂಸಿ ಅಡಿ ಹಿಡಿಯುವ ಕಟ್ಟೆ. ಬಾಗೂರು-ನವಿಲೆ ಸುರಂಗ ಹಾದು ನೀರು ತುಮಕೂರಿನ ಕಡೆ ಬರುತ್ತದೆ. ಕಟ್ಟೆ ಇರುವ ಜಿಲ್ಲೆಯಲ್ಲೇ ಇದ್ದರೂ ಅರಸೀಕೆರೆ ಬರದ ತಾಲ್ಲೂಕು. ಬೇಸಿಗೆಯಲ್ಲಿ ಬದುವಿನ ಎರಡೂ ಕಡೆ ಒಂದೇ ಸಿಟ್ಟು.

ಯಜಮಾನರ ಮೊಮ್ಮಗಳು ಕೆನಡಾದ ವಿಂಡ್ಸರ್‌ನಲ್ಲಿ ನರ್ಸ್. ದಿನಾ ನದಿ ದಾಟಿ ಅಮೆರಿಕದ ಡೆಟ್ರಾಯ್ಟ್‌ನ ಆಸ್ಪತ್ರೆಗೆ ಹೋಗಿ ಬರುತ್ತಾಳೆ. "ನಾವು ಬದು ದಾಟ್ತೀವಿ, ಅವಳು ದೇಶ ದಾಟ್ತಾಳೆ," ಎಂದರು ಅಮ್ಮ. ಆ ಎರಡು ದೇಶಗಳ ಗಡಿ 8,891 ಕಿ.ಮೀ.; ಜಗತ್ತಿನಲ್ಲಿ ಎರಡು ದೇಶಗಳ ನಡುವೆ ಇಷ್ಟುದ್ದದ ಗಡಿ ಬೇರೆ ಇಲ್ಲ. ಅವರ ಸ್ನೇಹದ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನನ್ನು ತಟ್ಟಿದ್ದು ಅವರು ನೀರಿನ ಜಗಳಕ್ಕೆ ಮಾಡಿಕೊಂಡ ಏರ್ಪಾಡು. ಗಡಿಯ ನದಿ, ಸರೋವರಗಳಿಗಾಗಿ 1909ರಲ್ಲಿ ಒಪ್ಪಂದ ಮಾಡಿಕೊಂಡು ಜಂಟಿ ಆಯೋಗ ಕಟ್ಟಿದರು. ಅಮೆರಿಕದ ಜನ ಕೆನಡಾದವರ ಎಂಟೊಂಬತ್ತು ಪಟ್ಟು; ಆಯೋಗದಲ್ಲಿ ಮಾತ್ರ ಆ ಕಡೆಗೆ ಮೂವರು, ಈ ಕಡೆಗೆ ಮೂವರು. 2025ರಲ್ಲಿ ಸುಂಕದ ಕಲಹ ಎದ್ದು, ಕೆನಡಾ 51ನೆಯ ರಾಜ್ಯವಾಗಲಿ ಎಂದು ಅಮೆರಿಕದ ಅಧ್ಯಕ್ಷರೇ ಆಡಿದ ಮಾತು ಕೆನಡಾದವರನ್ನು ನೋಯಿಸಿತು. ಬಹಳ ಮಂದಿ ಅಮೆರಿಕದ ಪ್ರವಾಸವನ್ನೇ ಬಿಟ್ಟರು. ಆಯೋಗ ಮುರಿಯಲಿಲ್ಲ.

ನಮ್ಮಲ್ಲಿ ನಾಲೆಯ ನೀರಿನ ಮಾತು ಮಂತ್ರಿ, ಶಾಸಕರ ಸಭೆಗಳಲ್ಲೇ ಮುಗಿದುಹೋಗುತ್ತದೆ. ಬದುವಿನ ಆಚೆ ಮೂವರು, ಈಚೆ ಮೂವರು ರೈತರನ್ನು ಸಮಸಮ ಕೂರಿಸಿ ಕೇಳಬೇಕು. ಕಾಯಿ ಯಾರದು, ಗರಿ ಯಾರದು ಎಂದು ಕೋರ್ಟು ಹತ್ತದೆ ಬಗೆಹರಿಸಿಕೊಂಡವರಿಗೆ ನೀರಿನ ಲೆಕ್ಕ ಬಾರದೆ?

ಬೆಲೆಯ ಮಾತು ಬಂದಾಗ ಇಬ್ಬರದೂ ಒಂದೇ ಪಕ್ಷ. 2024ರಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿಗೆ 12,000 ರೂಪಾಯಿ ಬೆಂಬಲ ಬೆಲೆ. ನೋಂದಣಿಗೆ ಎರಡೂ ಊರಲ್ಲಿ ಸಾಲು. ಮರುವರ್ಷ ಮಾರುಕಟ್ಟೆಯೇ ಅದರ ಎರಡರಷ್ಟನ್ನು ದಾಟಿತು. ಆಗ ಮಾರಲು ಅಟ್ಟದಲ್ಲಿ ಕಾಯಿ ಉಳಿದಿದ್ದವರು ಕಡಿಮೆ, ಅದನ್ನು ನೆನೆದರೆ ಯಜಮಾನರಿಗೆ ಈಗಲೂ ಸಂಕಟ.

ನಾನು ಹೊರಡುವಾಗ ಅವರು ಅರಸೀಕೆರೆಯ ಬೀಗರಿಗೆ ಫೋನ್ ಹಚ್ಚಿದ್ದರು. "ಇವತ್ತು ನಿಮ್ಮ ಮಾರ್ಕೆಟ್ಟಲ್ಲಿ ಏನು ರೇಟು? ನಮ್ಮಲ್ಲೇ ಜಾಸ್ತಿ ಇದ್ದಂಗಿದೆ. ನಿಮ್ಮ ಚೀಲಾನೂ ಇಲ್ಲಿಗೇ ತನ್ನಿ, ಒಂದೇ ಗಾಡೀಲಿ ಹಾಕೋಣ."